ಹಂಚಿನ ಬ್ಯಾಂಕಿನ ಛತ್ರಿ ಪಾಳಿ

ಕಳೆದ ವಾರ ಪೆನ್ಶನ್ ಪಾಸ್‌ಬುಕ್ ತುಂಬಿಸಿಕೊಂಡು ಬರೋಣವೆಂದು ಹೋದರೆ ನಮ್ಮ ಬೆಳಗಾವಿಯ ಶಿವಬಸವ ನಗರದ ಬ್ಯಾಂಕೇ ಜಾಗದಲ್ಲಿರಲಿಲ್ಲ. ಶಟರ್ ಎಳೆದಿತ್ತು. 'ಶಾಖೆ ಸ್ಥಳಾಂತರಗೊಂಡಿದೆ' ಎಂದು ಒಂದು ಕಾಗದ ಅಂಟಿಸಿದ್ದರು. ಎಲ್ಲಿಗೆ ಎಂಬ ಸಾಲನ್ನು ಮಾತ್ರ ಮಳೆ ತೊಳೆದುಕೊಂಡು ಹೋಗಿತ್ತು. ಎದುರಿನ ಕಿರಾಣಿ ಅಂಗಡಿಯವನನ್ನು ಕೇಳಿದೆ. ಹಿಂದಿನ ರಸ್ತೆಗೆ ಹೋಗಿದೆ, ಫಸ್ಟ್ ಫ್ಲೋರಿಗೆ, ಲಿಫ್ಟ್ ಇಲ್ಲ ಎಂದು ಹೇಳಿ ನನ್ನ ಮೊಣಕಾಲು ನೋಡಿದ. ಅವನು ಮೊಣಕಾಲು ನೋಡಿದ್ದೇ ನನಗೆ ಸಿಟ್ಟು ತರಿಸಿತು. ಜೀವಮಾನವೆಲ್ಲ ಬ್ಯಾಂಕಿನ ಅನ್ನ ಉಂಡವಳು ನಾನು. ಈ ಜನಕ್ಕೆ ಮಹಡಿಯ ಹುಚ್ಚು ಯಾವಾಗ ಬಿಡುತ್ತದೋ ಆ ಶಿವನಿಗೇ ಗೊತ್ತು.

ಹುಡುಕಿಕೊಂಡು ಹೋಗಿ ಮೆಟ್ಟಿಲ ಬುಡದಲ್ಲಿ ನಿಂತು ಛತ್ರಿ ಮಡಚಿದೆ. ಒದ್ದೆ ಬಟ್ಟೆಯ ಆ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು, ಖಾನಾಪುರದ ಆ ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಂತಿತು.

ಖಾನಾಪುರದ ಶಾಖೆಗೆ ನನ್ನನ್ನು ಮ್ಯಾನೇಜರಾಗಿ ಹಾಕಿದಾಗ ಮನೆಯವರೆಲ್ಲ ಖುಷಿಪಟ್ಟಿದ್ದರು. ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಊರೂ ತಂಪು ಎಂದು. ತಂಪಂತೂ ಹೌದು. ಬೆಳಗಾವಿಯಲ್ಲಿ ಜಿಟಿಜಿಟಿ ಇದ್ದರೆ ಅಲ್ಲಿ ಧೋ ಎಂದು ಸುರಿಯುತ್ತಿರುತ್ತದೆ. ಬೆಳಿಗ್ಗೆ ಒಗೆದ ಸೀರೆಯುಟ್ಟು ಹೊರಟರೆ ಬ್ಯಾಂಕು ಮುಟ್ಟುವಾಗ ಮೊಣಕಾಲ ತನಕ ಕೆಂಪು ಕೆಸರು. ಜೂನಿನಲ್ಲಿ ಹಸಿಯಾದ ಫೈಲುಗಳು ದಸರಾ ಬಂದರೂ ಒಣಗುತ್ತಿರಲಿಲ್ಲ.

ಶಾಖೆ ಇದ್ದದ್ದು ಪೇಟೆಯೊಳಗಿನ ಒಂದು ಹಳೆಯ ಹಂಚಿನ ಮನೆಯಲ್ಲಿ. ಊರಿನ ನಾಲ್ಕೈದು ವ್ಯಾಪಾರಸ್ಥರು ಕೂಡಿ ಯಾವುದೋ ಕಾಲದಲ್ಲಿ ಸಣ್ಣದೊಂದು ಬ್ಯಾಂಕು ತೆಗೆದಿದ್ದರಂತೆ. ಅದನ್ನು ಒಂದು ದೊಡ್ಡ ಬ್ಯಾಂಕು ನುಂಗಿತು. ಆ ದೊಡ್ಡದನ್ನು ಇನ್ನೂ ದೊಡ್ಡದು ನುಂಗಿತು. ಪ್ರತಿ ಸಲವೂ ಬೋರ್ಡು ಬದಲಾಯಿತು, ಚೆಕ್ಕಿನ ಬಣ್ಣ ಬದಲಾಯಿತು, ಗೋಡೆಯ ಕ್ಯಾಲೆಂಡರ್ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಅದು ಮೊದಲಿನಿಂದ ಕೊನೆಯವರೆಗೂ 'ಹಂಚಿನ ಬ್ಯಾಂಕ್' ಆಗಿಯೇ ಉಳಿಯಿತು. ಹೊಸ ಹೆಸರು ಹೇಳಿದರೆ ಆಟೋದವರೂ ಕರೆದುಕೊಂಡು ಬರುತ್ತಿರಲಿಲ್ಲ.

ಆ ಮನೆಗೆ ಉದ್ದನೆಯದೊಂದು ಪಡಸಾಲೆಯಿತ್ತು, ಬೀದಿಯಿಂದ ಒಂದೇ ಮೆಟ್ಟಿಲು ಎತ್ತರ. ಅಲ್ಲಿ ನಡೆಯುತ್ತಿದ್ದದ್ದೇ ಛತ್ರಿ ಪಾಳಿ. ಬಾಗಿಲು ತೆಗೆಯುವ ಮೊದಲೇ ಜನ ಬಂದು ತಮ್ಮ ತಮ್ಮ ಛತ್ರಿಯನ್ನು ಗೋಡೆಗೆ ಸಾಲಾಗಿ ಒರಗಿಸಿ ಹೋಗಿಬಿಡುತ್ತಿದ್ದರು. ಯಾರೂ ನಿಲ್ಲುತ್ತಿರಲಿಲ್ಲ. ಒಬ್ಬರು ಚಹಾಕ್ಕೆ, ಒಬ್ಬರು ಸಂತೆಗೆ, ಒಬ್ಬರು ದವಾಖಾನೆಗೆ. ಛತ್ರಿ ಅವರ ಬದಲಿಗೆ ನಿಂತಿರುತ್ತಿತ್ತು. ಬಾಗಿಲು ತೆಗೆದ ಮೇಲೆ ಸಾಲಿನ ಮುಂದಿರುವ ಛತ್ರಿಯ ಒಡೆಯರೇ ಮೊದಲು. ಯಾವ ಛತ್ರಿ ಯಾರದೆಂದು ಊರಿಗೆಲ್ಲ ಗೊತ್ತು. ಹಿಡಿಕೆಗೆ ಒಬ್ಬರು ದಾರ ಕಟ್ಟಿರುತ್ತಿದ್ದರು, ಒಬ್ಬರು ಬಣ್ಣದ ಚಿಂದಿ ಸುತ್ತಿರುತ್ತಿದ್ದರು. ಕಂಬಳಿಕೊಪ್ಪೆ ಹಾಕಿಕೊಂಡು ಬಂದವರು ಒಂದು ಚಪ್ಪಲಿ ಇಟ್ಟು ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಚಹಾದಂಗಡಿಗೆ ಹೋಗುತ್ತಿದ್ದರು. ಬೇರೆಯವರ ಛತ್ರಿಯನ್ನು ಮುಟ್ಟುವುದು, ಒಂದಿಷ್ಟು ಸರಿಸುವುದು, ಊಹೂಂ, ಅದಾಗದ ಮಾತು. ಪರರ ಛತ್ರಿಗೆ ಕೈ ಹಚ್ಚಿದವನ ಮಾನ ಆ ಪೇಟೆಯಲ್ಲಿ ಮೂರು ಕಾಸಿಗೂ ಉಳಿಯುತ್ತಿರಲಿಲ್ಲ.

ಮೊದಮೊದಲು ನನಗೆ ಇದನ್ನು ನೋಡಿದರೆ ತಲೆ ಚಿಟ್ಟು ಹಿಡಿಯುತ್ತಿತ್ತು. ಇದೇನು ಬ್ಯಾಂಕೋ, ಛತ್ರಿ ರಿಪೇರಿ ಅಂಗಡಿಯೋ ಎಂದು ಸಿಪಾಯಿ ಪರಶುರಾಮನ ಮೇಲೆ ರೇಗಿದ್ದೆ. ಪಿತ್ತಳೆ ಬಿಲ್ಲೆಗಳನ್ನು ಮಾಡಿಸಿ ತಂದು ಹಂಚಿಯೂ ನೋಡಿದೆ. ಜನ ಮರ್ಯಾದೆಯಿಂದ ಬಿಲ್ಲೆ ಇಸಿದುಕೊಂಡು, ಅದನ್ನು ಛತ್ರಿಯ ಹಿಡಿಕೆಗೆ ಕಟ್ಟಿ, ಛತ್ರಿಯನ್ನು ಸಾಲಿಗೆ ಒರಗಿಸಿ ಹೋದರು. ಅಲ್ಲಿಗೆ ನಾನು ಸೋತೆ. ಪರಶುರಾಮ ಆ ದಿನವಿಡೀ ಮೀಸೆಯಡಿ ನಗುತ್ತಿದ್ದ.

ಪೆನ್ಶನ್ನಿನ ದಿನ ಆ ಸಾಲಿನ ಮೊದಲ ಛತ್ರಿ ಯಾವತ್ತೂ ತುಳಸಾಬಾಯಿಯದು. ಗಂಡಸರು ಹಿಡಿಯುವ ದೊಡ್ಡ ಕರಿ ಛತ್ರಿ, ಬಿದಿರಿನ ಹಿಡಿಕೆ, ಅದಕ್ಕೊಂದು ಕೆಂಪು ದಾರ. ಆಕೆಯ ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಮಳೆಗಾಲದಲ್ಲಿ ಲೋಂಡಾ ಕಡೆಯ ಕಾಡಿನಲ್ಲಿ ಮಣ್ಣು ಕುಸಿದಿದೆಯೋ, ಗಿಡ ಬಿದ್ದಿದೆಯೋ ಎಂದು ಹಳಿ ನೋಡುತ್ತಾ ನಡೆಯುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಆಕೆಗೆ ಪೆನ್ಶನ್ ಬಂತು, ಈ ಛತ್ರಿಯೂ ಬಂತು. ಮಕ್ಕಳಿಲ್ಲ. ಮೈದುನನ ಮಗ ವಿಠ್ಠಲನ ಮನೆಯಲ್ಲಿ ಇರುತ್ತಿದ್ದಳು. ಓದು ಬರಹ ಬಾರದವಳು, ಹೆಬ್ಬೆಟ್ಟಿನ ಖಾತೆ. ಅಂಥ ಖಾತೆಯ ಹಣ ತೆಗೆಯಬೇಕೆಂದರೆ ಮನುಷ್ಯರೇ ಬಂದು ಅಧಿಕಾರಿಯ ಎದುರಿಗೆ ಹೆಬ್ಬೆಟ್ಟು ಒತ್ತಬೇಕು. ಆಕೆ ಬರುತ್ತಿದ್ದಳು, ಒತ್ತುತ್ತಿದ್ದಳು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಪೇಟೆಗೆ ಇಳಿಯುತ್ತಿದ್ದಳು. ತನಗೆ ಮೂಗಿಗೇರಿಸುವ ತಪಕೀರು, ಮನೆಯ ಹುಡುಗರಿಗೆ ಬಾಳೆಹಣ್ಣು, ವಿಠ್ಠಲನ ಹೆಂಡತಿಯ ಕೈಗೆ ಸಂಸಾರಕ್ಕೆಂದು ಒಂದಿಷ್ಟು. ಮನೆಯಲ್ಲಿ ಆಕೆಯ ಮಾತಿಗೆ ಬೆಲೆ ಇದ್ದದ್ದು ಆ ಒಂದು ದಿನದ ಓಡಾಟದಿಂದ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ವಿಠ್ಠಲ ಕೆಟ್ಟವನೇನಲ್ಲ. ಆಟೋ ಹೊಡೆಯುತ್ತಿದ್ದ. ಆಕೆಯನ್ನು ಬ್ಯಾಂಕಿಗೆ ಕರೆತಂದರೆ ಅವನ ಅರ್ಧ ದಿನದ ದುಡಿಮೆ ಹೋಗುತ್ತಿತ್ತು. ನಡೆಯಲಾಗದ ಪೆನ್ಶನ್‌ದಾರರು ತಮ್ಮ ಪರವಾಗಿ ಹಣ ತೆಗೆಯಲು ಬೇರೆಯವರಿಗೆ ಅಧಿಕಾರ ಕೊಡಬಹುದು, ಅದಕ್ಕೊಂದು ಫಾರ್ಮು ಇದೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು. ಅದನ್ನು ಕೊಡಿರಿ ಎಂದು ನನ್ನ ಹಿಂದೆ ಬಿದ್ದಿದ್ದ. ನಾನು ಆಕೆಯನ್ನೇ ಕರೆದು ಕೇಳಿದೆ.

"ಇಠ್ಠಲ ಛಲೋ ಹುಡುಗ ಅದಾನ್ರೀ ಬಾಯಾರ," ಎಂದಳು ಆಕೆ. "ಆದ್ರ ಅವನ ಕೈಯಿಂದ ಇಸ್ಕೊಂಡ್ರ ನನಗ ಅದು ಪಿನ್ಶನ್ ಅನಸೂದಿಲ್ಲ, ಭಿಕ್ಷಾ ಅನಸ್ತೈತಿ. ನನ್ನ ಕಾಲು ನಡಿಯೂತನಕಾ ನಾನ ಬರ್ತೇನಿ."

ಕಾಲು ನಡೆಯುವ ತನಕ. ಆ ಮಾತಿಗೆ ಕಲ್ಲು ಹಾಕಲೆಂದೇ ಎಂಬಂತೆ ಮೂರನೆಯ ವಿಲೀನ ಬಂತು.

ಈ ಸಲ ನಮ್ಮನ್ನು ನುಂಗಿದ ಬ್ಯಾಂಕಿಗೆ ಖಾನಾಪುರದಲ್ಲಿ ಮೊದಲೇ ಒಂದು ಶಾಖೆಯಿತ್ತು, ಸ್ಟೇಶನ್ ರಸ್ತೆಯಲ್ಲಿ. ಒಂದೇ ಊರಿಗೆ ಎರಡು ಯಾಕೆ, ಒಂದನ್ನು ಇನ್ನೊಂದರೊಳಗೆ ಸೇರಿಸಿ ಎಂದು ಮೇಲಿನಿಂದ ಹುಕುಂ ಆಯಿತು. ಸರಿ, ಸೇರಿಸಲಿ. ಆದರೆ ಅವರದು ಮೊದಲ ಮಹಡಿ. ಕೆಳಗೆ ಮೊಬೈಲ್ ಅಂಗಡಿ, ಬದಿಯಲ್ಲಿ ಹೊರಗಿನಿಂದ ಹತ್ತುವ ಮೆಟ್ಟಿಲು. ಮೆಟ್ಟಿಲಿಗೆ ಮೇಲೆ ತಗಡಿಲ್ಲ. ಖಾನಾಪುರದ ಮಳೆಯಲ್ಲಿ ತಗಡಿಲ್ಲದ ಮೆಟ್ಟಿಲು ಕಟ್ಟಿಸಿದ ಆ ಪುಣ್ಯಾತ್ಮನನ್ನು ನಾನಿನ್ನೂ ಕ್ಷಮಿಸಿಲ್ಲ.

ಬೆಳಗಾವಿಯ ಪ್ರಾದೇಶಿಕ ಕಚೇರಿಯಲ್ಲಿ ಈ ಸೇರ್ಪಡೆಯ ಕೆಲಸ ನೋಡುತ್ತಿದ್ದವರು ದೇಸಾಯಿ. ನನಗಿಂತ ಚಿಕ್ಕವರು, ಇಸ್ತ್ರಿಯ ಶರ್ಟು, ಸಿಟ್ಟೇ ಬಾರದ ಮನುಷ್ಯ. ಸಿಟ್ಟು ಬಾರದವರ ಜೊತೆ ಜಗಳವಾಡುವಷ್ಟು ಸಂಕಟ ಇನ್ನೊಂದಿಲ್ಲ. ನಾವು ಅಲ್ಲಿಗೆ ಹೋಗುವ ಬದಲು ಅವರೇ ನಮ್ಮ ಹಂಚಿನ ಮನೆಗೆ ಬರಲಿ, ಬಾಡಿಗೆ ಕಡಿಮೆ, ಪಡಸಾಲೆಯಿದೆ, ಮುದುಕರು ಹತ್ತಬೇಕಾಗಿಲ್ಲ ಎಂದು ಬರೆದೆ. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಮತ್ತೆ ಬರೆದೆ, ಮತ್ತೆ ಅದೇ. ಅದಾಗದಿದ್ದರೆ ಪೆನ್ಶನ್‌ದಾರರಿಗಾಗಿ ನೆಲದ ಮೇಲೆ ಒಂದು ಕೋಣೆಯನ್ನಾದರೂ ಬಾಡಿಗೆಗೆ ಹಿಡಿಯಿರಿ, ಮೊಬೈಲ್ ಅಂಗಡಿಯ ಬಾಜೂಕ್ಕೇ ಒಂದು ಖಾಲಿ ಗೋದಾಮಿದೆ ಎಂದು ಬರೆದೆ. ಅದಕ್ಕೆ ಮಾತ್ರ ತಕ್ಷಣ ಉತ್ತರ ಬಂತು, ಅವಕಾಶವಿಲ್ಲ ಎಂದು. ಫೋನಿನಲ್ಲಿ ಕೂಗಾಡಿದೆ. ದೇಸಾಯಿ ತಣ್ಣಗೆ, ಮ್ಯಾಡಮ್, ಮಳೆ ಹೇಗಿದೆ ನಿಮ್ಮಲ್ಲಿ ಎಂದು ಕೇಳಿದರು. ರಿಸೀವರ್ ಕುಕ್ಕಿ ಇಟ್ಟೆ.

ಸಾಮಾನು ಸಾಗಿಸುವ ದಿನ ಆಕಾಶವೇ ತೂತಾಗಿತ್ತು. ಟ್ರ್ಯಾಕ್ಟರಿಗೆ ತಾಡಪತ್ರಿ ಹೊದಿಸಿ ಕುರ್ಚಿ, ಮೇಜು, ಕಪಾಟು, ಗೋಡೆ ಗಡಿಯಾರ ಎಲ್ಲ ಹೋದವು. ಕೊನೆಗೆ ಉಳಿದದ್ದು ಹಳೆಯ ತಿಜೋರಿ. ಆ ಮೊದಲ ವ್ಯಾಪಾರಸ್ಥರು ಯಾವ ಊರಿನಿಂದಲೋ ತರಿಸಿದ ಕಬ್ಬಿಣದ ಭೂತ. ಒಳಗೆ ಏನೂ ಇರಲಿಲ್ಲ, ಮೇಲಿನ ಶಾಖೆಯಲ್ಲಿ ಗಟ್ಟಿಯಾದ ಖಜಾನೆ ಕೋಣೆ ಮೊದಲೇ ಇತ್ತು. ಆದರೂ ಬ್ಯಾಂಕಿನ ಆಸ್ತಿ, ಬಿಟ್ಟು ಬರುವಂತಿಲ್ಲ. ಹಮಾಲರು ಅದನ್ನು ಮೂರನೆಯ ಮೆಟ್ಟಿಲಿನ ತನಕ ಏರಿಸಿದರು. ಅಲ್ಲಿ ಮೆಟ್ಟಿಲಿನ ಒಂದು ಅಂಚು ಮುರಿದು ಕೆಳಗೆ ಬಿತ್ತು. ಹಮಾಲರ ಮುಖಂಡ ಕೈ ಝಾಡಿಸಿ, ಇದು ಮೇಲೆ ಹೋಗುವುದಿಲ್ಲ, ಹೋದರೂ ಕಟ್ಟಡವೇ ಕೆಳಗೆ ಬರುತ್ತದೆ ಎಂದ. ತಿಜೋರಿ ರಸ್ತೆಯ ಬದಿಯಲ್ಲಿ ಮಳೆಯಲ್ಲಿ ನೆನೆಯುತ್ತಾ ನಿಂತಿತು. ನಾನು ದೇಸಾಯಿಗೆ ಫೋನ್ ಹಚ್ಚಿದೆ.

ಅವರು ಗಾಬರಿಯಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬ್ಯಾಂಕಿನ ತಿಜೋರಿ ರಸ್ತೆಯಲ್ಲಿದೆಯೇ ಎಂದು ಎರಡು ಸಲ ಕೇಳಿದರು. ಸಂಜೆಯೊಳಗೆ ಅದೇ ಗೋದಾಮಿನ ಕೋಣೆಯನ್ನು ತಿಜೋರಿಗಾಗಿ ಬಾಡಿಗೆಗೆ ಹಿಡಿಯಲು ಮಂಜೂರಾತಿ ಬಂತು. ಮುದುಕರಿಗೆ ಇಲ್ಲದ ಅವಕಾಶ ಖಾಲಿ ತಿಜೋರಿಗೆ ಅರ್ಧ ದಿನದಲ್ಲಿ ಸಿಕ್ಕಿತು. ನಗಬೇಕೋ ಅಳಬೇಕೋ ತಿಳಿಯದೆ ಹಣೆ ಹಣೆ ಚಚ್ಚಿಕೊಂಡೆ. ಪರಶುರಾಮ ತಿಜೋರಿಯನ್ನು ಒಳಗೆ ತಳ್ಳಿಸಿ, ಅದರ ನೆತ್ತಿಯನ್ನು ಟಾವೆಲ್ಲಿನಿಂದ ಒರೆಸಿ, ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟ.

ಹೊಸ ಜಾಗದಲ್ಲಿ ಮೊದಲ ಪೆನ್ಶನ್ ದಿನ ದೇಸಾಯಿ ತಾವೇ ಬೆಳಗಾವಿಯಿಂದ ಬಂದರು, ಕೈಯಲ್ಲಿ ಎಲ್ಲರಿಗೂ ಹಂಚಲು ಕುಂದಾ ಸಿಹಿಯ ಡಬ್ಬಿಗಳು. ಹೊಸ ಟೋಕನ್ ಮಶೀನು ಮೇಲಿನ ಹಾಲ್‌ನಲ್ಲಿ ಮಿಣಮಿಣ ಎನ್ನುತ್ತಿತ್ತು. ಕೆಳಗೆ ಜನ ಬೆಳಕು ಹರಿದಾಗಿನಿಂದ ಬಂದುಹೋಗಿದ್ದರು. ಪಡಸಾಲೆ ಇಲ್ಲವಲ್ಲ, ಏನು ಮಾಡಿಯಾರು? ಮೆಟ್ಟಿಲಿಗೊಂದರಂತೆ ಛತ್ರಿ ಇಟ್ಟು ಹೋಗಿದ್ದರು. ಸಾಲು ಮೇಲಿನ ಬಾಗಿಲ ತನಕ ಹತ್ತಿತ್ತು. ಮೊದಲ ಮೆಟ್ಟಿಲ ಮೇಲೆ ಕೆಂಪು ದಾರದ ಕರಿ ಛತ್ರಿ.

ನಾನು ಒಳಗೆ ಕಂಪ್ಯೂಟರಿನ ಜೊತೆ ಗುದ್ದಾಡುತ್ತಿದ್ದೆ. ವಿಲೀನದಲ್ಲಿ ಅರ್ಧ ಊರಿನ ಹೆಸರುಗಳು ಹಿಂದುಮುಂದಾಗಿದ್ದವು. ಅಷ್ಟರಲ್ಲಿ ಕೆಳಗಿನಿಂದ ಗದ್ದಲ ಕೇಳಿಸಿತು. ಓಡಿ ಬಂದು ನೋಡುತ್ತೇನೆ, ಮೆಟ್ಟಿಲು ಖಾಲಿ. ಓಡಾಡುವವರ ಕಾಲಿಗೆ ಅಡ್ಡ, ಯಾರಾದರೂ ಮುಗ್ಗರಿಸಿ ಬಿದ್ದಾರು ಎಂದು ದೇಸಾಯಿಯವರು ಗಾರ್ಡಿನ ಕೈಯಿಂದ ಅಷ್ಟೂ ಛತ್ರಿಗಳನ್ನು ಎತ್ತಿಸಿ ಕೆಳಗಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುರುಕಿಸಿದ್ದರು. ಅವರ ಮಟ್ಟಿಗೆ ಅದು ಸ್ವಚ್ಛತೆ. ಚಹಾ ಮುಗಿಸಿ ಬಂದ ಜನ ಡ್ರಮ್ಮಿನ ಸುತ್ತ ನಿಂತು ಬೊಬ್ಬೆ ಹೊಡೆಯುತ್ತಿದ್ದರು. ಯಾರು ಮೊದಲು, ಯಾರು ಹಿಂದೆ, ಶಿವ ಶಿವಾ. ಕನ್ನಡದಲ್ಲಿ ಶುರುವಾದ ಬೈಗುಳ ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಟೋಕನ್ ತಗೊಳ್ಳಿ, ಟೋಕನ್ ತಗೊಳ್ಳಿ ಎಂದು ದೇಸಾಯಿ ಮೇಲಿನಿಂದ ಹೇಳುತ್ತಲೇ ಇದ್ದರು. ಟೋಕನ್ ಬೇಕೆಂದರೆ ಮೊದಲು ಹತ್ತಬೇಕಲ್ಲ ಮಾರಾಯ ಎಂದು ಅವರಿಗೆ ತಿಳಿಸಿ ಹೇಳುವವರು ಯಾರು?

ತುಳಸಾಬಾಯಿ ಕೂಗಲಿಲ್ಲ. ಡ್ರಮ್ಮಿನಿಂದ ತನ್ನ ಛತ್ರಿಯನ್ನು ಹಿರಿದು ತೆಗೆದಳು. ತುರುಕಿದ ರಭಸಕ್ಕೆ ಒಂದು ಕಡ್ಡಿ ಮುರಿದು ಬಟ್ಟೆಯ ಹೊರಗೆ ಬಂದಿತ್ತು. ಅದನ್ನೇ ಊರಿಕೊಂಡು ಹತ್ತಲು ಶುರುಮಾಡಿದಳು. ಮಳೆ ನೆತ್ತಿಯ ಮೇಲೆ ಬೀಳುತ್ತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಕಾಲು ಜಾರಿತು. ಬೀಳಲಿಲ್ಲ, ಆದರೆ ಗೋಡೆ ಹಿಡಿದು ಅಲ್ಲೇ ನೀರಿನಲ್ಲಿ ಕುಳಿತುಬಿಟ್ಟಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಆಟೋ ನಿಲ್ಲಿಸಿ ವಿಠ್ಠಲ ಓಡಿಬಂದ. ನಾನು ಇಳಿದು ಆಕೆಯ ಹತ್ತಿರ ಹೋದೆ, ನನ್ನ ಹಿಂದೆ ದೇಸಾಯಿಯೂ ಇಳಿದರು. ಅವರ ಕೈಯಲ್ಲಿ ವಿಠ್ಠಲ ಕೇಳುತ್ತಿದ್ದ ಆ ಫಾರ್ಮಿತ್ತು. ಪಾಪ, ಉಪಕಾರವೆಂದೇ ತಂದಿದ್ದರು.

"ಇಂಥಾವ್ರ ಸಲುವಾಗೇ ಇದು ಇರೂದ್ರಿ ಮ್ಯಾಡಮ್," ಎಂದರು ನನಗೆ. "ಒಂದ ಹೆಬ್ಬೆಟ್ಟು ಒತ್ತಿಸಿ ಬಿಡ್ರಿ. ಮುಂದಿನ ತಿಂಗಳಿಂದ ಅವರು ಮನಿಯಾಗ ಆರಾಮ ಇರ್ಲಿ."

ವಿಠ್ಠಲ ತಲೆ ತಗ್ಗಿಸಿ ನಿಂತಿದ್ದ. ತುಳಸಾಬಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬೇಡವೆನ್ನಲು ಆಕೆಯ ಹತ್ತಿರ ಇನ್ನೇನೂ ಉಳಿದಿರಲಿಲ್ಲ. ಕಾಲು ನಡೆಯುವ ತನಕ ಎಂದಿದ್ದಳು, ಕಾಲು ಎಲ್ಲರ ಎದುರಿಗೆ ಸೋತಿತ್ತು. ಆಕೆ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒಣಗಿಸಿಕೊಳ್ಳತೊಡಗಿದಳು. ಒತ್ತಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ಆಗ ಬಂದದ್ದು ಮರುಕವಲ್ಲ, ಸುಳ್ಳೇಕೆ ಹೇಳಲಿ, ಸಿಟ್ಟು. ಆ ಇಡೀ ವರ್ಷದ ಪರಿಶೀಲನೆಗಳ ಸಿಟ್ಟು.

ಮೇಲೆ ಹೋಗಿ ಇಂಕ್ ಪ್ಯಾಡು, ಹಣ ತೆಗೆಯುವ ಚೀಟಿಗಳ ಕಟ್ಟು, ಕೀಲಿ ತೆಗೆದುಕೊಂಡು ಇಳಿದೆ. ಪರಶುರಾಮನಿಗೆ ಒಂದು ಮೇಜು, ಎರಡು ಕುರ್ಚಿ ಗೋದಾಮಿಗೆ ತರಲು ಹೇಳಿದೆ. ನಾನಿಲ್ಲಿ ಹೆಬ್ಬೆಟ್ಟು ನೋಡಿ ಸಹಿ ಮಾಡುತ್ತೇನೆ, ನೀನು ಗಾರ್ಡಿನ ಜೊತೆ ಚೀಟಿ ಮೇಲೆ ಒಯ್ದು ಕ್ಯಾಶಿಯರನಿಂದ ಹಣ ತಾ ಎಂದೆ. ದೇಸಾಯಿ ನನ್ನ ಹಿಂದೆಯೇ ಬಂದರು. ಬ್ಯಾಂಕಿನ ವ್ಯವಹಾರ ಬ್ಯಾಂಕಿನ ಹೊರಗೆ ಮಾಡುವಂತಿಲ್ಲ, ನಾಳೆ ನಾನು ಉತ್ತರ ಕೊಡಬೇಕಾಗುತ್ತದೆ ಎಂದರು.

ನಾನು ಗೋದಾಮಿನ ಬೀಗ ತೆಗೆದೆ.

"ಹೊರಗ ಎಲ್ಲೈತ್ರಿ ದೇಸಾಯರ?" ಎಂದೆ. "ಈ ಕೋಣಿ ಬ್ಯಾಂಕಿಂದ ಐತಿ. ಬಾಡಿಗಿ ನೀವ ಮಂಜೂರ ಮಾಡೀರಿ. ಒಳಗ ಬ್ಯಾಂಕಿನ ತಿಜೋರಿ ಕುಂತೈತಿ. ತಿಜೋರಿ ಬಾಜೂಕ ಈ ಅವ್ವನೂ ಒಂದೀಟ ಕುಂದರ್ಲಿ."

ದೇಸಾಯಿ ತಿಜೋರಿಯನ್ನು ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿದ್ದ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡರು. ಹೊರಗೆ ಜನ ಆಗಲೇ ಡ್ರಮ್ಮಿನಿಂದ ಛತ್ರಿಗಳನ್ನು ತೆಗೆದು, ತಾವು ತಾವೇ ವಾದಿಸಿ ಒಪ್ಪಿಕೊಂಡು, ಗೋದಾಮಿನ ಗೋಡೆಗೆ ಸಾಲಾಗಿ ಒರಗಿಸುತ್ತಿದ್ದರು. ಮುರಿದ ಕಡ್ಡಿಯ ಕರಿ ಛತ್ರಿಯನ್ನು ಯಾರೂ ಹೇಳದೆಯೇ ಮೊದಲಿಗೆ ಇಟ್ಟರು. ವಿಠ್ಠಲ ಆಕೆಯನ್ನು ಮೆಟ್ಟಿಲಿನಿಂದ ಎತ್ತಿಕೊಂಡೇ ಬಂದು ಕುರ್ಚಿಯಲ್ಲಿ ಕೂರಿಸಿದ. ಆಕೆ ಹೆಬ್ಬೆಟ್ಟು ಒತ್ತಿದಳು, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು. ನನ್ನ ಕಡೆ ನೋಡಿ, "ಕುಂದಾ ಹಂಚಾಕತ್ತಾರಂತಲ್ರಿ, ನಂದೆಲ್ಲೈತಿ?" ಎಂದಳು.

ಆಮೇಲೆ ಪ್ರತಿ ತಿಂಗಳ ಪೆನ್ಶನ್ ದಿನವೂ ಅಲ್ಲೇ ನಡೆಯಿತು. ಖಾಲಿ ತಿಜೋರಿಯನ್ನು ವಿಲೇವಾರಿ ಮಾಡಿ ಕೋಣೆ ಬಿಡಬೇಕೆಂದು ಬೇಗನೇ ಒಂದು ಫೈಲು ಹೊರಟಿತು. ಆದರೆ ತಿಜೋರಿ ಯಾವ ಬ್ಯಾಂಕಿನ ಹೆಸರಿನಲ್ಲಿದೆ? ಮೊದಲಿನದರದೋ, ನಡುವಿನದರದೋ, ಈಗಿನದರದೋ? ಯಾರಿಗೂ ಬಗೆಹರಿಯಲಿಲ್ಲ. ಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತಾ ಉಳಿಯಿತು. ನನ್ನ ಇಡೀ ನೌಕರಿಯಲ್ಲಿ ಫೈಲು ಇನ್ನಷ್ಟು ತಡವಾಗಲಪ್ಪಾ ಎಂದು ಬಸವಣ್ಣನಿಗೆ ಕೈ ಮುಗಿದದ್ದು ಅದೊಂದಕ್ಕೇ. ಮರುವರ್ಷ ನನಗೆ ಬೆಳಗಾವಿಯ ವಡಗಾವಿ ಶಾಖೆಗೆ ವರ್ಗವಾಯಿತು. ಪರಶುರಾಮ ಆಗಾಗ ಫೋನು ಮಾಡುತ್ತಿದ್ದ. ತುಳಸಾಬಾಯಿ ತೀರಿಕೊಂಡ ಸುದ್ದಿ ಹೇಳಿದವನೂ ಅವನೇ. ಕೊನೆಯ ತಿಂಗಳ ಪೆನ್ಶನ್ನನ್ನೂ ಆಕೆ ತಿಜೋರಿಯ ಪಕ್ಕದಲ್ಲಿ ಕುಳಿತು, ತನ್ನ ಕೈಯಾರೆ ಇಸಿದುಕೊಂಡು ಹೋಗಿದ್ದಳಂತೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಶಿವಬಸವ ನಗರದ ಮೆಟ್ಟಿಲ ಬುಡದಲ್ಲಿ ನನ್ನ ಛತ್ರಿಯಿಂದ ನೀರು ಸೋರಿ ಒಂದು ಹಳ್ಳವೇ ಆಗಿತ್ತು. ಮೆಟ್ಟಿಲುಗಳನ್ನು ನೋಡಿದೆ, ಮೊಣಕಾಲು ನೋಡಿಕೊಂಡೆ. ಬೆಳಿಗ್ಗೆ ಹೊರಡುವಾಗ ಸೊಸೆ ಹೇಳಿದ್ದಳು, ಅತ್ತಿ, ನೀವ್ಯಾಕ ಹೋಗ್ತೀರಿ, ಎಲ್ಲಾ ಮೊಬೈಲಿನ್ಯಾಗ ನಾನ ಮಾಡಿ ಕೊಡ್ತೇನಿ ಎಂದು. ಸೊಸೆ ಒಳ್ಳೆಯವಳು. ವಿಠ್ಠಲನೂ ಒಳ್ಳೆಯವನೇ ಇದ್ದ.

ಛತ್ರಿಯನ್ನು ಮೊದಲ ಮೆಟ್ಟಿಲ ಮೇಲೆ ಗೋಡೆಗೆ ಒರಗಿಸಿದೆ. ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಹೋಗಿ ಕುಳಿತು ಒಂದು ಚಹಾ ಹೇಳಿದೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಗಾರ್ಡು ಇಳಿದುಬಂದ. ಛತ್ರಿಯನ್ನು ಕಂಡು, ದಾರಿಗೆ ಅಡ್ಡವೆಂದು ಎತ್ತಲು ಬಗ್ಗಿದ.

"ಅದಕ್ಕ ಕೈ ಹಚ್ಚಬ್ಯಾಡ ತಮ್ಮಾ," ಎಂದೆ ಕೂತಲ್ಲಿಂದಲೇ. "ಅದು ನನ್ನ ಪಾಳಿ ಐತಿ. ಮ್ಯಾಲ ಹೋಗಿ ನಿಮ್ಮ ಮ್ಯಾನೇಜರಿಗೆ ಕೆಳಗ ಬರಾಕ ಹೇಳು."